ಗೋಣಿಕೊಪ್ಪದಿಂದ ಪ್ಯಾಲೇಸ್ ಗ್ರೌಂಡ್ಸ್‌ಗೆ: ನಾನು ರಾಕ್ ಶೋ ನೋಡಿದ್ದು ಹೀಗೆ

ಬೆಂಗಳೂರಿನಲ್ಲಿ ದೊಡ್ಡ ರಾಕ್ ಶೋ ಇದೆ ಅಂತ ಸುದ್ದಿ ಬಂದರೆ ನಮ್ಮ ಕೊಡಗಿನ ಕಡೆಯ ಹುಡುಗರು ಮೊದಲು ಕೇಳುವುದು ಟಿಕೆಟ್ ಎಷ್ಟು ಅಂತ. ನಾನು ತಿರುಗಿ ಕೇಳುತ್ತೇನೆ, ಎಲ್ಲಿ ನಿಲ್ತೀಯ ಅಂತ. ಅವರಿಗೆ ನಗು ಬರುತ್ತದೆ. ಮುಂದೆ ನಿಲ್ಲೋದು, ಇನ್ನೆಲ್ಲಿ, ಅಂತಾರೆ. ನಾನು ಮುಂದೆ ನಿಂತೂ ನೋಡಿದ್ದೇನೆ, ಮೈದಾನದ ನಡುವೆ ನಿಂತೂ ನೋಡಿದ್ದೇನೆ. ಎರಡೂ ಬೇರೆ ಬೇರೆ ಶೋಗಳು. ಒಂದೇ ರಾತ್ರಿ, ಒಂದೇ ವೇದಿಕೆ ಆದರೂ ನಿಂತ ಜಾಗ ಬದಲಾದರೆ ಕೇಳಿಸೋದೇ ಬೇರೆ. ಟಿಕೆಟ್ ಸಿಗೋದು ಅದೃಷ್ಟ, ಜಾಗ ಹಿಡಿಯೋದು ನಮ್ಮ ಕೈಯಲ್ಲಿದೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ರಾಕ್ ಕೇಳಲು ಶುರು ಮಾಡಿದ್ದು ಕ್ಯಾಸೆಟ್ ಕಾಲದಲ್ಲಿ. ನನ್ನ ಮಾವ ಸೈನ್ಯದಲ್ಲಿದ್ದರು, ಫಿರಂಗಿ ದಳದಲ್ಲಿ. ರಜೆಗೆ ಬರುವಾಗ ಟ್ರಂಕ್ ತುಂಬಾ ಕ್ಯಾಂಟೀನ್ ಸಾಮಾನು, ಅದರ ನಡುವೆ ಒಂದೆರಡು ಕ್ಯಾಸೆಟ್. ಯಾವ ತಂಡ ಅಂತ ಅವರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಯಾರೋ ಮೆಸ್‌ನಲ್ಲಿ ಕೊಟ್ಟದ್ದು, ನೀನು ಕೇಳು ಅಂತ ಕೊಟ್ಟುಬಿಡುತ್ತಿದ್ದರು. ಇಂಗ್ಲೆಂಡಿನ ಐರನ್ ಮೇಡನ್ ತಂಡ ನನಗೆ ಸಿಕ್ಕಿದ್ದು ಹಾಗೆ. ಅಮೆರಿಕದ ಮೆಟಾಲಿಕಾ ತಂಡದ ಕ್ಯಾಸೆಟ್ಟನ್ನು ನಾನೇ ಮೈಸೂರಿನ ಅಂಗಡಿಯಲ್ಲಿ ಹುಡುಕಿ ತಂದೆ, ಹೊದಿಕೆಯ ಚಿತ್ರ ನೋಡಿ.

ಆಮೇಲೆ ಮಳೆಗಾಲ. ನಮ್ಮಲ್ಲಿ ಜೂನ್‌ನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಮತ್ತೆ ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ, ಹಾಗಾಗಿ ವಾಕ್‌ಮನ್, ಅದಕ್ಕೆ ಪೆನ್ಸಿಲ್ ಸೆಲ್, ಸೆಲ್ ಉಳಿಸಲು ಪೆನ್ನು ತೂರಿಸಿ ಕೈಯಲ್ಲೇ ಟೇಪ್ ಹಿಂದಕ್ಕೆ ಸುತ್ತುವುದು, ಇದೆಲ್ಲ ಕೊಡಗಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಕ್ಯಾಸೆಟ್‌ಗೆ ಬೂಷ್ಟು ಹಿಡಿಯುತ್ತಿತ್ತು. ಟೇಪಿನ ಅಂಚಿನಲ್ಲಿ ಬೆಳ್ಳಗೆ ಕಾಣುತ್ತಿತ್ತು, ಹಾಡು ನಡುನಡುವೆ ಮಂಕಾಗುತ್ತಿತ್ತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಕಾಪಾಡಿಕೊಂಡೆ. ಅವ್ವ ಅಳತೆಗೆ ಅಕ್ಕಿ ತೆಗೆಯುವಾಗ ಕೈಗೆ ಕ್ಯಾಸೆಟ್ ಸಿಕ್ಕಿ ಬೈದದ್ದೂ ಉಂಟು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಸಂಗೀತವನ್ನು ನಾನು ವರ್ಷಗಟ್ಟಲೆ ಒಬ್ಬನೇ ಕೇಳಿದ್ದೆ. ಸುತ್ತಮುತ್ತಲಿನ ತೋಟಗಳಲ್ಲಿ ಬೇರೆ ಯಾರಿಗೂ ಇದರ ಗಂಧ ಇರಲಿಲ್ಲ. ಯಾವ ಗಿಟಾರ್ ಎಡಗಿವಿಯಲ್ಲಿ, ಯಾವುದು ಬಲಗಿವಿಯಲ್ಲಿ ಅಂತ ಬಾಯಿಪಾಠ ಆಗಿತ್ತು.

2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ, ಅಂದರೆ ಪ್ಯಾಲೇಸ್ ಗ್ರೌಂಡ್ಸ್‌ಗೆ, ಬರುತ್ತದೆ ಅಂತ ಭಾವ ಫೋನ್ ಮಾಡಿದಾಗ ನಾನು ಮೊದಲು ನಂಬಲಿಲ್ಲ. 1975ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಹುಟ್ಟಿದ ತಂಡ, ಜಗತ್ತೆಲ್ಲ ಸುತ್ತಿದವರು, ಭಾರತಕ್ಕೆ ಬಂದೇ ಇರಲಿಲ್ಲ. ಭಾವ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದ. ಟಿಕೆಟ್ ಅವನೇ ತೆಗೆದ. ನನ್ನ ತೊಂದರೆ ಬೇರೆ ಇತ್ತು. ಮಾರ್ಚ್ ಅಂದರೆ ರೋಬಸ್ಟಾ ಕಾಫಿ ತೋಟದವನಿಗೆ ಹೂಮಳೆಯ, ಅಂದರೆ ಗಿಡ ಹೂ ಬಿಡಿಸುವ ಮಳೆಯ ಕಾಲ. ಮಳೆ ಬರದಿದ್ದರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕಬೇಕು, ಕೆಲವು ಗಂಟೆಗೊಮ್ಮೆ ಪೈಪು, ಜೆಟ್ ಎಲ್ಲ ಬದಲಾಯಿಸಬೇಕು, ರಾತ್ರಿಯೂ. ಅಂಥ ಹೊತ್ತಿನಲ್ಲಿ ಮಗ ಹಾಡು ಕೇಳಲು ಬೆಂಗಳೂರಿಗೆ ಹೊರಟರೆ ಅಪ್ಪನ ಮುಖ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಪಕ್ಕದ ತೋಟದ ಅಣ್ಣನ ಹತ್ತಿರ ಮಾತಾಡಿ, ಅವರ ಸರದಿಯಲ್ಲಿ ನಾನು ನಿಲ್ಲುತ್ತೇನೆ, ನನ್ನ ಸರದಿಯಲ್ಲಿ ಅವರ ಹುಡುಗ ನಿಲ್ಲಲಿ ಅಂತ ಒಪ್ಪಿಸಿದೆ. ಅವ್ವನ ಪ್ರಶ್ನೆ ಒಂದೇ. “ಅಷ್ಟು ದುಡ್ಡು ಕೊಟ್ಟು ಕೂತ್ಕೊಳ್ಳೋಕೆ ಕುರ್ಚಿನೂ ಕೊಡಲ್ವಾ?”

ಕೊಡುವುದಿಲ್ಲ. ಇದು ಗೊತ್ತಿರಲಿ. ದೊಡ್ಡ ರಾಕ್ ಶೋಗಳಲ್ಲಿ ಹೆಚ್ಚಿನ ಜಾಗ ನಿಲ್ಲುವವರಿಗೇ. ಮಧ್ಯಾಹ್ನ ಗೇಟಿನ ಹೊರಗೆ ಸಾಲು, ಸಂಜೆ ಬೇರೆ ತಂಡಗಳು, ಆಮೇಲೆ ನಾವು ಬಂದ ತಂಡ. ರಾತ್ರಿಯವರೆಗೆ ಕಾಲ ಮೇಲೆಯೇ. ಅದಕ್ಕೆ ಮೊದಲು ನಮ್ಮ ಊರಿಂದ ಬಸ್ಸಿನ ಪ್ರಯಾಣ ಬೇರೆ. ಕೊಡಗಿಗೆ ರೈಲಿಲ್ಲ. ಗೋಣಿಕೊಪ್ಪದಿಂದ ತಿತಿಮತಿ, ಹುಣಸೂರು, ಮೈಸೂರು ದಾಟಿ ಬೆಂಗಳೂರು ತಲುಪುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಹಾಗಾಗಿ ನಾನು ಯಾವಾಗಲೂ ಹಿಂದಿನ ದಿನವೇ ಹೋಗಿ ಭಾವನ ರೂಮಿನಲ್ಲಿ ಮಲಗುತ್ತೇನೆ. ಅದೇ ದಿನ ಬಸ್ಸಿಳಿದು ನೇರ ಮೈದಾನಕ್ಕೆ ಹೋಗುವವರೂ ಇದ್ದಾರೆ, ಇಪ್ಪತ್ತರ ವಯಸ್ಸಿನಲ್ಲಿ ಮಾಡಬಹುದು.

ಊಟದ ಮಾತು ಚಿಕ್ಕದು. ಒಳಗೆ ತಿಂಡಿ ಬಿಡುವುದಿಲ್ಲ, ಅಲ್ಲಿ ಮಾರುವುದಕ್ಕೆ ದುಡ್ಡು ಜಾಸ್ತಿ. ಅವ್ವ ಕಟ್ಟಿಕೊಟ್ಟ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿ ಸಾರು) ಭಾವನ ರೂಮಿನಲ್ಲಿ ಬಿಸಿ ಮಾಡಿ ಮಧ್ಯಾಹ್ನ ಹೊಟ್ಟೆ ತುಂಬಾ ತಿಂದು ಹೊರಟೆವು. ಪಂದಿಕರಿ ಮರುದಿನಕ್ಕೆ ರುಚಿ ಹೆಚ್ಚುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಆ ಸಲ ನಾವು ಮುಂದೆ ನಿಂತೆವು. ಮುಂದೆ ಅಂದರೆ ವೇದಿಕೆ ಮುಂದಿನ ತಡೆ ಕಂಬಿಗೆ ತಾಗಿಕೊಂಡಂತೆ ಅಲ್ಲ, ಅದರ ಹಿಂದೆ ಕೆಲವು ತಲೆ ಬಿಟ್ಟು. ದಿಲ್ಲಿಯ ಪರಿಕ್ರಮ ತಂಡ ಮೊದಲು ಆಡಿತು. ಅವರಲ್ಲಿ ಪಿಟೀಲು ಇದೆ, ಗಿಟಾರ್ ಜೊತೆ ಪಿಟೀಲು ಪೈಪೋಟಿಗೆ ನಿಲ್ಲುವುದು ಕೇಳಲು ಚೆನ್ನಾಗಿರುತ್ತದೆ. ಆಮೇಲೆ ಲಾರೆನ್ ಹ್ಯಾರಿಸ್, ಮೇಡನ್‌ನಲ್ಲಿ ಬಾಸ್, ಅಂದರೆ ಕೆಳಸ್ವರದ ಗಿಟಾರ್, ನುಡಿಸುವ ಸ್ಟೀವ್ ಹ್ಯಾರಿಸ್ ಅವರ ಮಗಳು. ಜನ ಅವಳಿಗೆ ಚಪ್ಪಾಳೆ ಕೊಟ್ಟರೂ ನಡುವೆ ನಡುವೆ ಮೇಡನ್, ಮೇಡನ್ ಅಂತ ಕೂಗು ನಿಲ್ಲಿಸಲಿಲ್ಲ. ಪಾಪ ಅನ್ನಿಸಿತು. ಮಾರ್ಚ್ ಬಿಸಿಲಿಗೆ ಕೊಡಗಿನವರ ಪಾಡು ಕೇಳಬೇಡಿ, ಸೂರ್ಯ ಇಳಿಯುವವರೆಗೆ ನಾನು ತಲೆ ಮೇಲೆ ಟವೆಲ್ ಹಾಕಿಕೊಂಡೇ ನಿಂತಿದ್ದೆ.

ಮೇಡನ್ ವೇದಿಕೆಗೆ ಬಂದ ಮೇಲೆ ಮುಂದೆ ನಿಂತವನಿಗೆ ಏನು ಸಿಗುತ್ತದೆ ಅಂತ ಹೇಳುತ್ತೇನೆ. ಮನುಷ್ಯರು ಸಿಗುತ್ತಾರೆ. ಸ್ಟೀವ್ ಹ್ಯಾರಿಸ್ ಒಂದು ಕಾಲನ್ನು ಮುಂದಿನ ಸ್ಪೀಕರ್ ಮೇಲಿಟ್ಟು ಬಾಸ್ ಗಿಟಾರನ್ನು ಬಂದೂಕಿನ ಹಾಗೆ ಜನರ ಕಡೆ ಹಿಡಿಯುತ್ತಾರೆ, ಹಿಡಿದು ಪ್ರತಿ ಸಾಲನ್ನೂ ತಾವೇ ಬಾಯಲ್ಲಿ ಆಡಿಸುತ್ತಾರೆ, ಮುಂದೆ ಮೈಕ್ ಇಲ್ಲದಿದ್ದರೂ. ಜಾನಿಕ್ ಗರ್ಸ್ ಗಿಟಾರನ್ನು ಮೈ ಸುತ್ತ ತಿರುಗಿಸುತ್ತಾರೆ. ಡೇವ್ ಮರ್ರೆ ಸುಮ್ನೆ ನಗುತ್ತಾ ನಿಂತು ಬೆರಳು ಓಡಿಸುತ್ತಾರೆ. ಹಾಡುವ ಬ್ರೂಸ್ ಡಿಕಿನ್ಸನ್ ಒಂದು ಕಡೆ ನಿಲ್ಲುವವರಲ್ಲ, ಓಡುತ್ತಾರೆ, ಹಾರುತ್ತಾರೆ, ಊರಿನ ಹೆಸರು ಹಿಡಿದು ಕೂಗಿ ಅಂತ ಕೇಳುತ್ತಾರೆ, ಅದು ಅವರ ಹಳೆಯ ರೂಢಿ. ಇಷ್ಟು ಓಡಿದ ಮೇಲೂ ಮೇಲಿನ ಸ್ವರ ಹಿಡಿಯುವಾಗ ಉಸಿರು ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಆಗ ಡ್ರಮ್ಮಿನಲ್ಲಿದ್ದ ನಿಕೊ ಮಕ್‌ಬ್ರೇನ್ ಮಾತ್ರ ಮುಂದೆ ನಿಂತವರಿಗೆ ಕಾಣಲೇ ಇಲ್ಲ. ಡ್ರಮ್‌ಗಳ ರಾಶಿಯ ಹಿಂದೆ ಕೂತಿದ್ದರು. ಬರಿಗಾಲಲ್ಲಿ, ಒಂದೇ ಪೆಡಲ್‌ನಲ್ಲಿ ಅಷ್ಟು ವೇಗ ತರುತ್ತಿದ್ದ ಮನುಷ್ಯ. ಆ ಕಾಲು ನೋಡಬೇಕು ಅಂತ ನನಗೆ ಬಹಳ ಆಸೆ ಇತ್ತು. ದೊಡ್ಡ ಪರದೆಯಲ್ಲೂ ಕಾಲು ತೋರಿಸಲಿಲ್ಲ.

ಆದರೆ ಮುಂದೆ ನಿಂತರೆ ಕೇಳಿಸುವುದು? ಅರ್ಧ ಮಾತ್ರ. ಇದರ ಕಾರಣ ನನಗೆ ಆಮೇಲೆ ತಿಳಿಯಿತು, ಮದುವೆ ಮನೆಗಳಿಗೆ ಸೌಂಡ್ ಹಾಕುವ ನಮ್ಮೂರಿನ ಒಬ್ಬರು ಹೇಳಿಕೊಟ್ಟದ್ದು. ವೇದಿಕೆಯ ಎರಡೂ ಕಡೆ ಮೇಲಿಂದ ಸಾಲಾಗಿ ಬಾಗಿದಂತೆ ತೂಗುಹಾಕಿರುವ ಸ್ಪೀಕರ್‌ಗಳಿವೆಯಲ್ಲ, ಹಾಡುವ ದನಿ, ಗಿಟಾರಿನ ಮೇಲಿನ ಸ್ವರ ಬರುವುದು ಅದರಿಂದ. ಆ ಸ್ವರಗಳು ಟಾರ್ಚಿನ ಬೆಳಕಿನ ಥರ, ಯಾವ ಕಡೆ ತಿರುಗಿಸಿದರೋ ಆ ಕಡೆಗೇ ಹೋಗುತ್ತವೆ. ಅದನ್ನು ತಿರುಗಿಸಿರುವುದು ಮೈದಾನದ ನಡುವಿಗೆ ಮತ್ತು ಹಿಂದಕ್ಕೆ. ಮುಂದಿನವರ ತಲೆಯ ಮೇಲಿಂದ ದಾಟಿ ಹೋಗುತ್ತದೆ. ಮುಂದಿನವರಿಗೆ ಅಂತ ಚಿಕ್ಕ ಸ್ಪೀಕರ್ ಇಟ್ಟಿರುತ್ತಾರೆ, ಸಾಲುವುದಿಲ್ಲ. ಕೆಳಸ್ವರದ ದೊಡ್ಡ ಡಬ್ಬಗಳು ಮಾತ್ರ ನೆಲದ ಮೇಲೆ, ವೇದಿಕೆಯ ಬುಡದಲ್ಲೇ ಇರುತ್ತವೆ. ಹಾಗಾಗಿ ಮುಂದೆ ನಿಂತವನ ಎದೆಗೆ ಡ್ರಮ್ಮು, ಬಾಸ್ ಬಂದು ಗುದ್ದುತ್ತದೆ, ಹಾಡಿನ ಮಾತು ಕಿವಿಗೆ ಸರಿಯಾಗಿ ತಲುಪುವುದಿಲ್ಲ. ಹಾಡು ಬಾಯಿಪಾಠ ಇದ್ದವನಿಗೆ ನಷ್ಟವಿಲ್ಲ, ಉಳಿದದ್ದನ್ನು ತಲೆಯೇ ತುಂಬಿಕೊಳ್ಳುತ್ತದೆ. ನನಗೆ ಆ ರಾತ್ರಿ ಹಾಗೇ ಆಯಿತು. ಅರ್ಧ ಕೇಳಿದ್ದು, ಅರ್ಧ ಅಕ್ಕಿ ಡಬ್ಬದ ಕ್ಯಾಸೆಟ್ಟು.

ಮತ್ತೊಂದು ವಿಷಯ ನಾನು ನಿರೀಕ್ಷೆ ಮಾಡಿರಲಿಲ್ಲ. ಮೇಡನ್ ಹಾಡುಗಳಲ್ಲಿ ಗಿಟಾರಿನ ರಾಗಗಳೇ ಹಾಡಿನಷ್ಟು ಮುಖ್ಯ. ಆ ರಾಗ ಬಂದಾಗ ಇಡೀ ಮೈದಾನ ಓ, ಓ ಅಂತ ಗಿಟಾರಿನ ಜೊತೆ ಹಾಡಲು ಶುರು ಮಾಡಿತು. ಮಾತಿಲ್ಲ, ಬರೀ ರಾಗ. ಗುವಾಹಟಿಯಿಂದ ಬಂದವರು, ಚೆನ್ನೈಯಿಂದ ಬಂದವರು, ನನ್ನ ಪಕ್ಕ ಒಬ್ಬ ಶಿಲ್ಲಾಂಗ್ ಹುಡುಗ, ಎಲ್ಲರಿಗೂ ಒಂದೇ ಕಡೆ ಏರು, ಒಂದೇ ಕಡೆ ಇಳಿ. ಅಷ್ಟು ವರ್ಷ ನಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ. ಕಣ್ಣಲ್ಲಿ ನೀರು ಬಂತು. ಬರಲಿ ಅಂತ ಬಿಟ್ಟೆ, ಅಲ್ಲಿ ಯಾರು ನೋಡ್ತಾರೆ.

ಈಗ ಕಿವಿಯ ವಿಷಯ. ಇದನ್ನು ಮಾವ ಇಲ್ಲದಿದ್ದರೆ ನಾನು ತಲೆಗೇ ಹಾಕಿಕೊಳ್ಳುತ್ತಿರಲಿಲ್ಲ. ಬಹಳ ವರ್ಷ ಫಿರಂಗಿಯ ಪಕ್ಕ ನಿಂತು ಅವರ ಬಲಗಿವಿ ಮಂದವಾಗಿದೆ. ಟಿವಿ ಹಾಕಿದರೆ ಪಕ್ಕದ ತೋಟದವರಿಗೂ ವಾರ್ತೆ ಕೇಳಿಸುತ್ತದೆ. ನಾನು ಹೊರಟಾಗ ಸ್ಪಂಜಿನ ಇಯರ್ ಪ್ಲಗ್ ಒಂದು ಪೊಟ್ಟಣ ಕೈಗಿಟ್ಟು, “ಹತ್ತಿ ಗಿತ್ತಿ ಇಟ್ಕೋಬೇಡ, ಅದು ಏನೂ ತಡೆಯಲ್ಲ. ಇದನ್ನ ಹಾಕು. ಹಾಕದಿದ್ರೆ ನನ್ನ ಥರ ಆಗ್ತೀಯ, ಆಮೇಲೆ ಹೆಂಡತಿ ಕರೆದದ್ದೂ ಕೇಳಿಸಲ್ಲ” ಅಂದರು. ಅತ್ತೆ ಒಳಗಿಂದ, “ಕೇಳಿಸ್ತದೆ, ಬೇಕಾದ್ದು ಮಾತ್ರ ಕೇಳಿಸ್ತದೆ” ಅಂದರು.

ಲೆಕ್ಕ ಹೀಗಿದೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಸ್ಥೆ ನಿಯೋಶ್ ಸೂಚಿಸಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಮೇಲಕ್ಕೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹಾಗೇ ಇಳಿಯುತ್ತಾ ಹೋದರೆ 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ರಾಕ್ ಶೋನಲ್ಲಿ ಮುಂದೆ ನಿಂತವನಿಗೆ 100 ದಾಟುವುದು ಸಾಮಾನ್ಯ, ಅದೂ ಗಂಟೆಗಟ್ಟಲೆ. ಒಂದು ರಾತ್ರಿಗೆ ಕಿವುಡಾಗುತ್ತೇವೆ ಅಂತಲ್ಲ. ಆದರೆ ಮರುದಿನ ಕಿವಿಯಲ್ಲಿ ಗುಂಯ್ ಅಂತ ಬರುತ್ತದಲ್ಲ, ಅದು ಕಿವಿಗೆ ಪೆಟ್ಟಾಗಿದೆ ಅಂತ ಹೇಳುವ ಸೂಚನೆ. ಒಳಗಿವಿಯ ಸಣ್ಣ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಪ್ಲಗ್ ಹಾಕುವುದಕ್ಕೂ ಒಂದು ಕ್ರಮ ಇದೆ, ಸುಮ್ನೆ ತುರುಕಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ಹೊಸೆದು ತೆಳ್ಳಗೆ ಬತ್ತಿಯಷ್ಟು ಮಾಡಬೇಕು. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆಯಬೇಕು, ಆಗ ಕಿವಿಯ ದಾರಿ ನೇರವಾಗುತ್ತದೆ. ಒಳಗೆ ತೂರಿಸಿ ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ನಮ್ಮ ದನಿ ನಮಗೇ ತಲೆಯೊಳಗಿಂದ ಕೇಳಿಸುತ್ತದೆ. ಸ್ಪಂಜಿನದಕ್ಕೆ ಒಂದು ಕೊರತೆ ಇದೆ, ಮೇಲಿನ ಸ್ವರವನ್ನು ಜಾಸ್ತಿ ತಿನ್ನುತ್ತದೆ, ಹಾಡುವ ದನಿ ಕಂಬಳಿ ಹೊದ್ದ ಹಾಗಾಗುತ್ತದೆ. ಈಗ ಸಂಗೀತಗಾರರಿಗೆ ಅಂತಲೇ ಬೇರೆ ಬಗೆಯ ಪ್ಲಗ್ ಬರುತ್ತವೆ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ತೊಳೆದು ಮತ್ತೆ ಮತ್ತೆ ಹಾಕಿಕೊಳ್ಳಬಹುದು. ನಾನು ಈಗ ಅದನ್ನೇ ಬಳಸುವುದು. ಟಿಕೆಟಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ಪ್ಲಗ್ ಹಾಕಿದರೆ ಮಜಾ ಇಲ್ಲ ಅನ್ನುವವರಿಗೆ ನನ್ನ ಉತ್ತರ ಇಷ್ಟೇ, ಎದೆಗೆ ಗುದ್ದುವ ಬಾಸ್ ಕಿವಿ ಮುಚ್ಚಿದರೂ ಗುದ್ದುತ್ತದೆ.

ಮೆಟಾಲಿಕಾ ಬಂದದ್ದು 2011ರ ಅಕ್ಟೋಬರ್ 30ಕ್ಕೆ, ಅದೇ ಪ್ಯಾಲೇಸ್ ಗ್ರೌಂಡ್ಸ್‌ಗೆ. ಎರಡು ದಿನ ಮುಂಚೆ ದಿಲ್ಲಿ ಪಕ್ಕದ ಗುರುಗ್ರಾಮದಲ್ಲಿ ಆಗಬೇಕಿದ್ದ ಶೋ ಕೊನೆ ಗಳಿಗೆಯಲ್ಲಿ ನಿಂತುಹೋಯಿತು, ಜನ ವೇದಿಕೆಗೆ ನುಗ್ಗಿ ಸಾಮಾನು ಒಡೆದರು. ಟಿವಿಯಲ್ಲಿ ಅದನ್ನು ನೋಡಿ ನನಗೆ ಎದೆ ಧಸಕ್ ಅಂತು. ಬೆಂಗಳೂರಿನದೂ ಹೋಯಿತು ಅಂತಲೇ ಲೆಕ್ಕ ಹಾಕಿದ್ದೆ. ಭಾವ, “ನೀನು ಹೊರಡು ಮಾರಾಯ, ಇಲ್ಲಾಂದ್ರೆ ಕಬ್ಬನ್ ಪಾರ್ಕ್ ನೋಡ್ಕೊಂಡು ಹೋಗು” ಅಂದ. ಹೀಗೆ ಭಾರತದಲ್ಲಿ ಅವರ ಮೊದಲ ಶೋ ಬೆಂಗಳೂರಿನ ಪಾಲಿಗೆ ಬಂತು. ನಮಗೂ ಅನುಕೂಲದ ಹೊತ್ತು. ದಸರಾ, ತೀರ್ಥೋದ್ಭವ, ದೀಪಾವಳಿ ಎಲ್ಲ ಮುಗಿದು, ಅರೇಬಿಕಾ ಕೊಯ್ಲು ಇನ್ನೂ ಜೋರಾಗದ ಬಿಡುವು. ಅಪ್ಪ ಏನೂ ಅನ್ನಲಿಲ್ಲ.

ಈ ಸಲ ನಾನು ಮುಂದೆ ಹೋಗಲಿಲ್ಲ. ಮೈದಾನದ ನಡುವೆ ಒಂದು ಡೇರೆ ಥರದ್ದು ಇರುತ್ತದೆ, ಸುತ್ತ ಕಂಬಿ, ಒಳಗೆ ಗುಂಡಿಗಳ ದೊಡ್ಡ ಮೇಜು. ಸೌಂಡ್ ಇಂಜಿನಿಯರ್ ಕೂರುವ ಜಾಗ, ಮಿಕ್ಸಿಂಗ್ ಕನ್ಸೋಲ್. ಯಾವ ವಾದ್ಯ ಎಷ್ಟು ಕೇಳಿಸಬೇಕು ಅಂತ ಅವನು ತೀರ್ಮಾನ ಮಾಡುವುದು ತನ್ನ ಕಿವಿಗೆ ಬಿದ್ದದ್ದನ್ನು ನಂಬಿ. ಅಂದ ಮೇಲೆ ಅವನ ಪಕ್ಕ ನಿಂತವನಿಗೇ ಅವನು ಮಾಡಿದ್ದು ಪೂರ್ತಿ ಕೇಳಿಸುವುದು, ಅಲ್ವಾ? ನಾನು ಕಂಬಿಯ ಮುಂದೆ, ಬೆನ್ನು ಅದಕ್ಕೆ ಒರಗಿಸಿ ನಿಂತೆ. ಬೆನ್ನಿಗೆ ಆಸರೆ ಸಿಕ್ಕಿತು, ಹಿಂದಿನಿಂದ ತಳ್ಳುವವರಿಲ್ಲ, ಎಡಬಲ ಎರಡೂ ಸ್ಪೀಕರ್ ಸಾಲು ಸಮ ದೂರ.

ಬಿಫಿ ಕ್ಲೈರೊ ಅಂತ ಸ್ಕಾಟ್ಲೆಂಡಿನ ತಂಡ ಮುಂಚೆ ಆಡಿತು. ನಮ್ಮ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ಕೂಡ ಇತ್ತು. ಸ್ಥಳೀಯ ತಂಡ ಆಡುವಾಗ ಅನೇಕರು ಹೊರಗೆ ನೀರು, ತಿಂಡಿ ಅಂತ ತಿರುಗುತ್ತಿರುತ್ತಾರೆ. ನಾನಂತೂ ಅವರನ್ನು ಬಿಡುವುದಿಲ್ಲ. ಒಂದನೆಯದು, ಅವರು ಚೆನ್ನಾಗಿ ನುಡಿಸುತ್ತಾರೆ. ಎರಡನೆಯದು, ನಿಂತ ಜಾಗ ಸರಿಯಿದೆಯಾ ಅಂತ ಪರೀಕ್ಷೆ ಮಾಡಲು ಅದೇ ಹೊತ್ತು. ಹಾಡುವ ದನಿ ಗಿಟಾರಿನ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದರೆ ನಾಲ್ಕು ಹೆಜ್ಜೆ ಆಚೆ ಈಚೆ ಹೋಗಿ ನೋಡುತ್ತೇನೆ. ದೊಡ್ಡ ತಂಡ ಬಂದ ಮೇಲೆ ಜರುಗಲು ಜಾಗ ಇರುವುದಿಲ್ಲ.

ಮೆಟಾಲಿಕಾ ಶುರುವಾದಾಗ ನನಗೆ ಮೊದಲು ಗಮನಕ್ಕೆ ಬಂದದ್ದು ಜೇಮ್ಸ್ ಹೆಟ್‌ಫೀಲ್ಡ್ ಅವರ ಬಲಗೈ. ಕಣ್ಣಿಗಲ್ಲ, ಕಿವಿಗೆ. ಅವರು ವೇಗದ ಹಾಡುಗಳಲ್ಲೂ ಗಿಟಾರ್ ತಂತಿಯನ್ನು ಹೆಚ್ಚಾಗಿ ಮೇಲಿಂದ ಕೆಳಕ್ಕೇ ಹೊಡೆಯುತ್ತಾರೆ. ಬೇರೆಯವರಾದರೆ ಕೆಳಗೆ ಮೇಲೆ ಎರಡೂ ಕಡೆ ಹೊಡೆದು ಸುಲಭ ಮಾಡಿಕೊಳ್ಳುತ್ತಾರೆ. ಕೆಳಕ್ಕೇ ಹೊಡೆದರೆ ಪ್ರತಿ ಪೆಟ್ಟಿಗೂ ಒಂದೇ ತೂಕ ಬರುತ್ತದೆ. ಕ್ಯಾಸೆಟ್ಟಿನಲ್ಲಿ ಕೇಳಿದಾಗ ಇದು ಗೊತ್ತಿತ್ತು. ಮೈದಾನದ ನಡುವೆ ನಿಂತಾಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬಂದು ಬಿತ್ತು. ಮುಂದೆ ನಿಂತಿದ್ದರೆ ಅದೆಲ್ಲ ಡ್ರಮ್ಮಿನ ಗುದ್ದಿನಲ್ಲಿ ಕಲೆತುಹೋಗುತ್ತಿತ್ತು. ರಾಬರ್ಟ್ ಟ್ರುಹಿಯೊ ಬಾಸ್ ನುಡಿಸುವುದು ಬೆರಳಲ್ಲಿ. ಆ ದುಂಡು ಸ್ವರ ಕೂಡ ಬೇರೆಯಾಗಿ ಕೇಳಿಸಿತು. ಬಾಸ್ ಅನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಮೊಣಕಾಲು ಬಗ್ಗಿಸಿ ಅಡ್ಡಡ್ಡ ನಡೆಯುವ ಅವರ ಆಟ ಮಾತ್ರ ನನಗೆ ಪರದೆಯಲ್ಲೇ ಕಂಡದ್ದು. ನಡುವೆ ನಿಂತವನು ಕಳೆದುಕೊಳ್ಳುವುದು ಇದನ್ನೇ. ಮುಖ ಕಾಣುವುದಿಲ್ಲ, ಕೊನೆಯಲ್ಲಿ ಎಸೆಯುವ ಗಿಟಾರ್ ಪಿಕ್ಕು ಅಷ್ಟು ದೂರ ಬರುವುದಿಲ್ಲ.

ನಡುವೆ ಒಮ್ಮೆ ಭಾವನನ್ನು ಹುಡುಕುತ್ತಾ ತೀರಾ ಹಿಂದಕ್ಕೆ ಹೋಗಿದ್ದೆ. ಅಲ್ಲಿ ಒಂದು ಮೋಜು ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ವೇದಿಕೆಯಿಂದ 100 ಮೀಟರ್ ದೂರ ನಿಂತವನಿಗೆ ಹತ್ತಿರ ಹತ್ತಿರ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ ಬರುತ್ತದೆ. ಪರದೆಯ ಚಿತ್ರ ತಡ ಮಾಡುವುದಿಲ್ಲ. ಲಾರ್ಸ್ ಉಲ್ರಿಕ್ ಅವರ ಕೋಲು ಡ್ರಮ್ಮಿಗೆ ಬಿದ್ದು ಎದ್ದ ಮೇಲೆ ಸದ್ದು. ಹಿಂದಿನವರಿಗೆ ಅಂತ ಮೈದಾನದ ನಡುವೆ ಹೆಚ್ಚಿನ ಸ್ಪೀಕರ್ ಕಂಬ ನೆಟ್ಟರೂ, ವೇದಿಕೆಯಿಂದ ಬರುವ ಸದ್ದಿಗೆ ಹೊಂದಿಕೊಳ್ಳಲಿ ಅಂತ ಅದನ್ನೂ ಬೇಕೆಂದೇ ತಡ ಮಾಡಿ ಬಿಡುತ್ತಾರೆ. ಇದು ಗೊತ್ತಿಲ್ಲದವರು ಪರದೆ ಕೆಟ್ಟಿದೆ ಅಂತ ಬೈಯುತ್ತಿರುತ್ತಾರೆ. ತುಂಬಾ ಹಿಂದೆ ನಿಲ್ಲಬೇಕಾಗಿ ಬಂದರೆ ಪರದೆ ನೋಡಬೇಡಿ, ಕಣ್ಣು ಮುಚ್ಚಿ ಕೇಳಿ, ಆಗ ಸರಿಯಾಗುತ್ತದೆ.

ಕುಣಿತದ ಗುಂಪಿನ ಬಗ್ಗೆ ಎರಡು ಮಾತು. ವೇಗದ ಹಾಡು ಬಂದಾಗ ನಡುವೆ ಒಂದು ವೃತ್ತ ತೆರೆದುಕೊಂಡು ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಮಾಷ್ ಪಿಟ್ ಅಂತ ಕರೆಯುತ್ತಾರೆ. ದೂರದಿಂದ ಜಗಳದ ಹಾಗೆ ಕಾಣುತ್ತದೆ, ಜಗಳ ಅಲ್ಲ. ಬಿದ್ದವನನ್ನು ತಕ್ಷಣ ಎತ್ತಬೇಕು, ಇದೊಂದು ನಿಯಮ ಎಲ್ಲರೂ ಪಾಲಿಸುತ್ತಾರೆ. ಯಾರದ್ದಾದರೂ ಕನ್ನಡಕ, ಚಪ್ಪಲಿ ಸಿಕ್ಕಿದರೆ ಕೈ ಮೇಲೆತ್ತಿ ಹಿಡಿಯುತ್ತಾರೆ. ಬೇಡದವರು ಎರಡೂ ಕೈಯನ್ನು ಎದೆಯ ಮುಂದೆ ಮಡಚಿ ಹಿಂದಕ್ಕೆ ಸರಿದರೆ ದಾರಿ ಬಿಡುತ್ತಾರೆ. ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಶೂ ಹಾಕಿ, ಲೇಸಿಗೆ ಎರಡು ಗಂಟು. ಮಳೆ ಬಂದ ಮೈದಾನಕ್ಕೆ ನಮ್ಮ ತೋಟದ ಗಮ್‌ಬೂಟ್ ಹಾಕಿಕೊಂಡು ಹೋಗಬಹುದಾ ಅಂತ ಒಬ್ಬ ಕೇಳಿದ. ಹೋಗಬಹುದು, ಆದರೆ ಅದರಲ್ಲಿ ಗಂಟೆಗಟ್ಟಲೆ ನಿಂತು ಕುಣಿದರೆ ಕಾಲಿನ ಗತಿ ಏನಾಗುತ್ತದೆ ಅಂತ ಅವನಿಗೇ ಗೊತ್ತು. ಕೊಡೆ ಒಳಗೆ ಬಿಡುವುದಿಲ್ಲ. ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಜೇಬಿನಲ್ಲಿರಲಿ.

ಈಗಿನ ಟಿಕೆಟ್ ಎಲ್ಲ ಫೋನಿನಲ್ಲಿ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸತ್ತೇ ಹೋಗುತ್ತದೆ, ಹಾಗಾಗಿ ಗೇಟಿಗೆ ಬರುವ ಮುಂಚೆಯೇ ಟಿಕೆಟ್ ತೆರೆದು ಇಟ್ಟುಕೊಳ್ಳಿ. ಗೆಳೆಯರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಫೋನ್ ನಂಬಬೇಡಿ. ವಿಡಿಯೋ ಬೇಕಾದರೆ ಒಂದು ಹಾಡಿಗೆ ಮಾಡಿ, ಸಾಕು. ಫೋನಿನ ಮೈಕ್ ಆ ಸದ್ದಿಗೆ ಕರಕರ ಅಂತ ಒಡೆಯುತ್ತದೆ, ಮನೆಗೆ ಬಂದು ಕೇಳಿದರೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡಿದ ಹಾಗಿರುತ್ತದೆ.

ಶೋ ಸಾಮಾನ್ಯವಾಗಿ ರಾತ್ರಿ 10ಕ್ಕೆ ಮುಗಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ದೂರದ ಊರಿನವರಿಗೆ ಇದು ಒಳ್ಳೆಯದೇ ಆಯಿತು, ರಾತ್ರಿ ಬಸ್ಸು ಸಿಗುತ್ತದೆ. ಆದರೆ ಮೇಖ್ರಿ ಸರ್ಕಲ್ ಕಡೆ ಅಷ್ಟೂ ಜನ ಒಟ್ಟಿಗೇ ಆಟೋ ಹುಡುಕುತ್ತಿರುತ್ತಾರೆ. ನಾವು ಸ್ವಲ್ಪ ದೂರ ನಡೆದು ಹೋಗಿ ಆಟೋ ಹಿಡಿಯುವುದು, ಮೆಜೆಸ್ಟಿಕ್‌ಗೆ. ಬಸ್ಸಿನ ಸೀಟು ಮೊದಲೇ ಕಾದಿರಿಸಿ, ಶೋ ಮುಗಿಯುವ ಹೊತ್ತಿಗೂ ಬಸ್ಸಿಗೂ ಧಾರಾಳ ಅಂತರ ಇಟ್ಟುಕೊಳ್ಳಿ.

ನಮ್ಮ ಕಡೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ರಾತ್ರಿ ಬಸ್ಸು ಗೋಣಿಕೊಪ್ಪಕ್ಕೆ ಬರುವಾಗ ಇನ್ನೂ ಕತ್ತಲೆ. ಆನೆಚೌಕೂರು, ತಿತಿಮತಿ ದಾಟುವಾಗ ಡ್ರೈವರ್ ನಿಧಾನ ಮಾಡಿದರೆ ನಿದ್ದೆಯಲ್ಲಿದ್ದವರೂ ಏಳುತ್ತಾರೆ, ಯಾಕೆ ಅಂತ ಎಲ್ಲರಿಗೂ ಗೊತ್ತು. ಪೇಟೆಯಲ್ಲಿ ಇಳಿದು ತೋಟದ ದಾರಿಯಲ್ಲಿ ಒಬ್ಬನೇ ನಡೆದು ಹೋಗುವ ಸಾಹಸ ಬೇಡವೇ ಬೇಡ. ಶೋ ಕೇಳಿ ಬಂದ ಕಿವಿ ಹಲವು ಗಂಟೆ ಮಂಕಾಗಿಯೇ ಇರಬಹುದು, ಪಕ್ಕದ ಕಾಫಿ ಗಿಡದೊಳಗೆ ಆನೆ ಕೊಂಬೆ ಮುರಿದರೂ ತಿಳಿಯಲಿಕ್ಕಿಲ್ಲ. ನಾನು ಬೆಳಕಾಗುವವರೆಗೆ ಬಸ್ ಸ್ಟ್ಯಾಂಡಿನಲ್ಲೇ ಕೂತು, ಮೊದಲ ಅಂಗಡಿ ತೆರೆದಾಗ ಕಾಫಿ ಕುಡಿದು, ಆಮೇಲೆ ಜೀಪಿಗೆ ಫೋನ್ ಮಾಡುತ್ತೇನೆ.

ಕೊನೆಗೆ ಒಂದು ಮಾತು, ಜೋರು ಸದ್ದು ನಮಗೆ ಹೊಸದಲ್ಲ. ಮಡಿಕೇರಿ ದಸರಾದಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಅಲಂಕಾರದ ಮಂಟಪಗಳು ಮೆರವಣಿಗೆ ಹೊರಡುವಾಗ ನಿಂತು ನೋಡಿದವರಿಗೆ ಗೊತ್ತು. ನನಗೆ ಕೇಳಿದರೆ ಅದು ಪ್ಯಾಲೇಸ್ ಗ್ರೌಂಡ್ಸ್‌ಗಿಂತ ಕಿವಿಗೆ ಕಷ್ಟ. ಮೈದಾನದಲ್ಲಿ ಸದ್ದು ಒಮ್ಮೆ ನಮ್ಮನ್ನು ದಾಟಿ ಬಯಲಿಗೆ ಹೋಗಿಬಿಡುತ್ತದೆ, ಮಡಿಕೇರಿಯ ಇಕ್ಕಟ್ಟು ರಸ್ತೆಯಲ್ಲಿ ಎರಡೂ ಕಡೆ ಅಂಗಡಿ ಗೋಡೆಗೆ ಬಡಿದು ಮತ್ತೆ ನಮ್ಮ ಮೇಲೆಯೇ ಬರುತ್ತದೆ. ಅದಕ್ಕೆ ಈಗ ದಶಮಂಟಪಕ್ಕೂ ಪ್ಲಗ್ ಒಯ್ಯುತ್ತೇನೆ. ಮಾವನೂ ನನ್ನ ಹತ್ತಿರ ಎರಡು ಜೊತೆ ಇಸಿದುಕೊಂಡಿದ್ದಾರೆ. ಒಂದು ಅತ್ತೆಗಂತೆ, ಇವರ ಟಿವಿ ತಡೆಯೋಕೆ.